ಜಯಚಾಮರಾಜೇಂದ್ರ ಒಡೆಯರ್

ಜಯಚಾಮರಾಜೇಂದ್ರ ಒಡೆಯರ್ (18 ಜುಲೈ 1919 – 23 ಸೆಪ್ಟೆಂಬರ್ 1974) ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು, ಕರ್ನಾಟಕ ಸಂಗೀತದ ವಾಗ್ಗೇಯಕಾರರು ಹಾಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೋಷಕರು. ಯುರೋಪಿನಲ್ಲಿ ಮರೆಗೆ ಸರಿಯುತ್ತಿದ್ದ ರಮ್ಯ ಪರಂಪರೆಯ ಕೃತಿಗಳು ಧ್ವನಿಮುದ್ರಣಗೊಳ್ಳಲು ಇವರು ಕಾರಣರಾದರು.

ಜೀವನ

ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪುಚೆಲುವಾಜಮ್ಮಣ್ಣಿ. ಪಿಯಾನೋ ವಾದಕರಾಗಬೇಕೆಂಬುದು ಇವರ ಹಂಬಲವಾಗಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ನಿಧನರಾದುದರಿಂದ ರಾಜ್ಯಭಾರ ಹೊರಬೇಕಾಯಿತು.

ಎರಡು ಶೈಲಿಗಳು

ಒಂದನೆಯ ಮಹಾಯುದ್ಧದ ನಂತರ ಸ್ಟ್ರಾವಿನ್‌ಸ್ಕಿ ಮೊದಲಾದವರು ಹದಿನೆಂಟನೆಯ ಶತಮಾನದ ಮಿತವಾದ ರಚನಾಕ್ರಮವನ್ನು ಹೊಸದಾಗಿ ಬಳಸಿದರು. ಭಾವೋದ್ರೇಕಕ್ಕಿಂತ ಆಕೃತಿಯ ಸ್ಪಷ್ಟತೆಗೆ ಒತ್ತು ನೀಡುವ ಈ ಮಾರ್ಗವೇ ನವಶಾಸ್ತ್ರೀಯ ಶೈಲಿ. ಹತ್ತೊಂಬತ್ತನೆಯ ಶತಮಾನದ ದೀರ್ಘ ಮಧುರ ಸ್ವರಪಂಕ್ತಿ ಹಾಗೂ ಭಾವತೀವ್ರತೆಯನ್ನು ಮರಳಿ ಬಯಸುವುದು ನವರಮ್ಯ ಮಾರ್ಗ. ರಷ್ಯಾದ ನಿಕೊಲಾಯ್ ಮೆಟ್ನರ್ ರಮ್ಯ ಪರಂಪರೆಯನ್ನು ಬಿಡದೆ ಮುಂದುವರಿಸಿದವರು. 1935ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆಧುನಿಕತೆಯನ್ನು ವಿರೋಧಿಸಿದರು. ಆದರೂ ಅವರು ಸೊನಾಟಾದ ಶಾಸ್ತ್ರೀಯ ಬಂಧವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಈ ವಿಭಜನೆಯನ್ನು ಕಟ್ಟುನಿಟ್ಟೆಂದು ಭಾವಿಸಲಾಗದು.

ಪೋಷಣೆ

ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತಿದ್ದ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಒಡೆಯರ್ ಹಣ ಒದಗಿಸಿದರು. ಸಂಗೀತಕಾರರೇ ಪಿಯಾನೋ ನುಡಿಸಿದ ಮೂರು ಕಾಂಚೆರ್ಟೊಗಳು ಹೀಗೆ ಉಳಿದವು. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ನೆರವು ತಡವಾಗಿದ್ದರೆ ಆ ವಾದನ ಮುಂದಿನವರಿಗೆ ದೊರೆಯುತ್ತಿರಲಿಲ್ಲ. 1948ರಲ್ಲಿ ಒಡೆಯರ್ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನಲ್ಲಿ ನಡೆದ, ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗಕ್ಕೂ ಇವರ ಆರ್ಥಿಕ ಬೆಂಬಲವಿತ್ತು.

ವಾಗ್ಗೇಯಕಾರರಾಗಿ

ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದ ಒಡೆಯರ್, ಶ್ರೀವಿದ್ಯಾ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಅಪರೂಪದ ಅನೇಕ ರಾಗಗಳು ಇವುಗಳಲ್ಲಿ ಬಳಕೆಯಾಗಿವೆ. ಪಾಶ್ಚಾತ್ಯ ಸಂಗೀತದಲ್ಲಿ ರಮ್ಯ ಪರಂಪರೆಯನ್ನು ಪೋಷಿಸಿದ ಇವರು ಸ್ವಂತ ರಚನೆಯಲ್ಲಿ ಕೃತಿಯ ಸಾಂಪ್ರದಾಯಿಕ ಚೌಕಟ್ಟನ್ನು ಅನುಸರಿಸಿದರು.

ರಾಜ್ಯಪಾಲರಾಗಿ

1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ರಾಜ್ಯಪಾಲರಾದರು. ಅದುವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳೂ ರಾಯಚೂರು ಜಿಲ್ಲೆಯೊಂದಿಗೆ ಅಂದೇ ಈ ರಾಜ್ಯವನ್ನು ಸೇರಿದವು. ಮುಂದೆ ಮದ್ರಾಸ್ ರಾಜ್ಯದ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದ ಒಡೆಯರ್, 1974ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.