ಕೆಳದಿಯ ಚೆನ್ನಮ್ಮಾಜಿ ಮತ್ತು ಮಲೆನಾಡಿನ ನಾಡಕಾವಲು

ಕರ್ನಾಟಕದ ಚರಿತ್ರೆಯಲ್ಲಿ ಚೆನ್ನಮ್ಮನೆಂಬ ಹೆಸರಿನ ಇಬ್ಬರು ರಾಣಿಯರು ಕೀರ್ತಿಶೇಷರಾಗಿದ್ದಾರೆ. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಕಂಪನಿ ಸರ್ಕಾರದ ಫಿರಂಗಿಗಳಿಗೆ ಎದೆಗೊಟ್ಟವಳು. ಕೆಳದಿಯ ಚೆನ್ನಮ್ಮಾಜಿ ಅದಕ್ಕೂ ಸುಮಾರು ನೂರಮೂವತ್ತು ವರ್ಷಗಳ ಹಿಂದೆ ಮೊಗಲ್ ಚಕ್ರವರ್ತಿಯ ಕೋಪವನ್ನು ತನ್ನ ಚಿಕ್ಕ ರಾಜ್ಯದ ಮೇಲೆ ತಾನಾಗಿ ಬರಮಾಡಿಕೊಂಡು, ಅದನ್ನು ತಡೆದು ನಿಂತವಳು. ಶಾಲೆಯ ಮಕ್ಕಳು ಮಾತ್ರವಲ್ಲ, ವೇದಿಕೆಯ ಮೇಲೆ ನಿಂತ ಹಿರಿಯರೂ ಒಮ್ಮೊಮ್ಮೆ ಒಬ್ಬಳ ಸಾಹಸವನ್ನು ಮತ್ತೊಬ್ಬಳಿಗೆ ಆರೋಪಿಸುವುದುಂಟು. ಕೆಳದಿಯ ರಾಣಿಯ ಹಿರಿಮೆಯಾದರೋ ಬೇರೆಯೇ ಬಗೆಯದು. ಆಕೆ ಕಾದಿದ್ದು ದೊಡ್ಡ ದಂಡಿನ ಬಲದಿಂದಲ್ಲ; ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಕಾಡು, ಕಣಿವೆ, ದುರ್ಗ ಮತ್ತು ಅವುಗಳ ಒಳದಾರಿಗಳನ್ನು ಬಲ್ಲ ಜನರ ಬಲದಿಂದ.

ಈ ನೆಲಕ್ಕೆ ಊರ ರಕ್ಷಣೆಯ ಸಂಸ್ಕಾರ ಹೊಸದಲ್ಲ. ಈ ತಾಲ್ಲೂಕುಗಳ ಹೊಲಗದ್ದೆಗಳ ಬದುವಿನಲ್ಲಿಯೂ ಗುಡಿಗಳ ಅಂಗಳದಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ ಅದರ ಅರಿವಾಗುತ್ತದೆ. ತುರುಗಳನ್ನು ಕಳ್ಳರಿಂದ ಮರಳಿಸುವಾಗ, ಊರಳಿವಿನ ಕಾಲದಲ್ಲಿ ಹೆಂಗಸರು ಮಕ್ಕಳನ್ನು ಕಾಯುವಾಗ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳವು. ಹಾಗೆ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಡುವ ಪದ್ಧತಿಯಿತ್ತು. ಹಳೆಪೈಕರೆಂಬ ಹೆಸರಿನಲ್ಲಿಯೇ ಹಳೆಯ ಕಾಲಾಳೆಂಬ ಅರ್ಥ ಅಡಗಿದೆ. ಬೇಸಾಯ ಮಾಡಿಕೊಂಡು, ಈಚಲು ಬೈನೆ ಮರಗಳ ಕಳ್ಳಿಳಿಸಿಕೊಂಡು ಬಾಳಿದ ಆ ಜನ ಕರೆ ಬಂದಾಗ ಕತ್ತಿ ಹಿಡಿದು ಹೊರಟವರೆಂಬುದು ನಾಡಿನ ನಂಬಿಕೆ. ಗೃಹರಕ್ಷಕ ದಳವೆಂಬ ಹೆಸರು ಈ ರಾಜ್ಯದಲ್ಲಿ ನೆಲೆಯಾದದ್ದು 1962ರ ಕಾಯಿದೆಯೊಡನೆ. ಆದರೆ ಅದರ ಕೆಲಸ ಮಲೆನಾಡಿಗೆ ಬಹು ಹಿಂದಿನಿಂದ ಪರಿಚಿತವಾದದ್ದು.

ಚೆನ್ನಮ್ಮ ಅರಸು ಮನೆತನದಲ್ಲಿ ಹುಟ್ಟಿದವಳಲ್ಲ. ಕೋಟಿಪುರದ ಸಿದ್ದಪ್ಪ ಶೆಟ್ಟರೆಂಬ ವೀರಶೈವ ವರ್ತಕರ ಮಗಳು. ಶಿವಪ್ಪ ನಾಯಕನ ಮಗನೂ, 1664ರ ಸುಮಾರಿಗೆ ಪಟ್ಟಕ್ಕೆ ಬಂದವನೂ ಆದ ಸೋಮಶೇಖರ ನಾಯಕ ಆಕೆಯನ್ನು ಕಂಡು, ಒಪ್ಪಿ, ವಿವಾಹವಾದನು. ಕೆಳದಿಯ ಅರಸರು 1499ರಲ್ಲಿ ಚೌಡಪ್ಪ ನಾಯಕನಿಂದ ಮೊದಲ್ಗೊಂಡು ಆಳಿದವರು. ಅವರ ರಾಜಧಾನಿ ಮೊದಲು ಸಾಗರದ ಬಳಿಯ ಕೆಳದಿ, ಬಳಿಕ ಇಕ್ಕೇರಿ, ಆಮೇಲೆ ಇಂದಿನ ಹೊಸನಗರ ತಾಲ್ಲೂಕಿಗೆ ಸೇರಿದ ಬಿದನೂರು. ಬಿದಿರು ದಟ್ಟವಾಗಿ ಬೆಳೆದ ಊರಾದ್ದರಿಂದ ಆ ಹೆಸರು. ಸಂಸ್ಕೃತ ಪಂಡಿತರು ಅದನ್ನೇ ವೇಣುಪುರವೆಂದರು. ಬಿದಿರ ಮೆಳೆಗಳನ್ನು ನುಗ್ಗಿ ಬರುವುದು ಕುದುರೆ ದಂಡಿಗೆ ಎಷ್ಟು ಕಷ್ಟವೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿವಪ್ಪ ನಾಯಕನು ಭೂಮಿಯ ಗುಣವನ್ನರಿತು ಶಿಸ್ತನ್ನು ಗೊತ್ತುಪಡಿಸಿ, ರೈತನಿಗೂ ಅರಮನೆಗೂ ನಡುವೆ ನಂಬಿಕೆಯನ್ನು ಬೆಳೆಸಿ ಹೋಗಿದ್ದನು. ಸೊಸೆಗೆ ದೊರೆತ ನಿಜವಾದ ಆಸ್ತಿ ಅದೇ ಎನ್ನಬಹುದು.

ದಾಂಪತ್ಯದ ಸುಖ ಬಹುಕಾಲ ಉಳಿಯಲಿಲ್ಲ. ಕಲಾವತಿಯೆಂಬ ನರ್ತಕಿಯ ಮೋಹಕ್ಕೂ ಭರಮೆ ಮಾವುತನೆಂಬವನ ವಶಕ್ಕೂ ಸಿಕ್ಕ ಸೋಮಶೇಖರ ನಾಯಕನು ಬುದ್ಧಿಭ್ರಮೆಗೊಳಗಾಗಿ ರಾಜಕಾರ್ಯವನ್ನು ಮರೆತನು. ಮಕ್ಕಳಿರಲಿಲ್ಲ. ಅರಸನಿಲ್ಲದಂತಾದ ಅರಮನೆಯನ್ನು ಕಂಡು ಬಿಜಾಪುರದವರ ಆಸೆ ಕೆರಳಿತು. ಜನ್ನೋಪಂತನೆಂಬವನು ರಾಯಭಾರದ ನೆಪದಲ್ಲಿ ಬಂದನು. ಅವನ ಬೆನ್ನಿಗೆ ಮುಜಫರಖಾನನ ಸೈನ್ಯ ಬಂದಿತು. ಇತ್ತ ಮನೆಯೊಳಗಿನ ಸರದಾರರಲ್ಲಿಯೇ ಕೆಲವರು ತಮಗೆ ಬೇಕಾದವನನ್ನು ಪಟ್ಟಕ್ಕೇರಿಸುವ ಹವಣಿಕೆಯಲ್ಲಿದ್ದರು. ಈ ಗೊಂದಲದ ನಡುವೆಯೇ ಸೋಮಶೇಖರ ನಾಯಕನ ಕೊಲೆಯಾಯಿತು.

1672ರ ಆ ದಿನಗಳಲ್ಲಿ ಚೆನ್ನಮ್ಮಾಜಿ ಕೈಗೊಂಡ ಮೊದಲನೆಯ ನಿರ್ಧಾರವೇ ಆಕೆಯ ಯುದ್ಧನೀತಿಯನ್ನು ತಿಳಿಸುತ್ತದೆ. ರಾಜಧಾನಿಗಾಗಿ ಹೋರಾಡಿ ಸಾಯುವುದನ್ನು ಆಕೆ ಶೌರ್ಯವೆಂದು ಭಾವಿಸಲಿಲ್ಲ. ಭಂಡಾರವನ್ನೂ ನಂಬಿಕಸ್ಥರನ್ನೂ ಕೂಡಿಕೊಂಡು ಬಿದನೂರನ್ನು ತೆರವು ಮಾಡಿ, ತೀರ್ಥಹಳ್ಳಿ ಸೀಮೆಯ ಭುವನಗಿರಿ ದುರ್ಗವನ್ನು ಸೇರಿದಳು. ಇಂದು ಕವಲೇದುರ್ಗವೆಂದು ಕರೆಯುವ ಆ ಗಿರಿದುರ್ಗಕ್ಕೆ ಒಂದರೊಳಗೊಂದು ಮೂರು ಸುತ್ತಿನ ಕೋಟೆ. ಒಳಗೆ ಬೇಸಗೆಯಲ್ಲಿಯೂ ಬತ್ತದ ಕೊಳಗಳು, ಅರಮನೆ, ಗುಡಿಗಳು, ಸುತ್ತ ಕಾಡು. ಏರುವ ದಾರಿ ಇಕ್ಕಟ್ಟು. ವೈರಿಗೆ ದೊರೆತದ್ದು ಬರಿದಾದ ಬಿದನೂರು.

ಅರಮನೆಯ ಅನ್ನ ಉಂಡವರೇ ಪಕ್ಷ ಬದಲಿಸುತ್ತಿದ್ದ ಹೊತ್ತಿನಲ್ಲಿ ದುರ್ಗದ ಬಳಿ ಬಂದು ನೆರೆದವರಾರು? ದೂರದ ದೇಶದಿಂದ ಕೂಲಿಗೆ ತಂದ ಪಡೆಯನ್ನು ಕೂಡಿಸಲು ಆಗ ಆಕೆಗೆ ವೇಳೆಯಿರಲಿಲ್ಲ. ಉಂಬಳಿಯ ಭೂಮಿಯನ್ನುಂಡು ಅದಕ್ಕಾಗಿ ಸೇವೆಗೆ ಬದ್ಧರಾದವರು, ಸುತ್ತಣ ಸೀಮೆಯ ಗೌಡರು, ಬಿಲ್ಲು ಕೋವಿಗಳ ಬೇಟೆಗಾರರು ಇವರೇ ಆ ಪಡೆಯ ತಿರುಳಾಗಿದ್ದಿರಬೇಕು. ಅರಮನೆಯೊಡನೆ ಮುನಿಸಿಕೊಂಡಿದ್ದ ಕಾಸರಗೋಡು ತಿಮ್ಮಣ್ಣ ನಾಯಕನನ್ನು ಒಲಿಸಿಕೊಂಡು, ಹಳೆಯದನ್ನು ಮರೆತು, ಆತನಿಗೆ ಅಧಿಕಾರವನ್ನು ಕೊಟ್ಟದ್ದು ಚೆನ್ನಮ್ಮಾಜಿಯ ವಿವೇಕ. ಜನಬಲ ಎಷ್ಟಿದ್ದರೂ ಅದನ್ನು ನಡೆಸುವ ಅನುಭವಸ್ಥನೊಬ್ಬ ಬೇಕಾಗಿದ್ದನು. ವೈರಿಯ ಸೈನ್ಯ ಕಾಡಿನ ಕಣಿವೆಗಳಲ್ಲಿ ಪೆಟ್ಟು ತಿಂದು ಹಿಂದೆಗೆಯಿತು. ಬಿದನೂರು ಮರಳಿ ಕೈಸೇರಿತು. ಪಟ್ಟವೇರಿದ ರಾಣಿ ದ್ರೋಹಿಗಳಿಗೆ ಕಠಿಣ ಶಿಕ್ಷೆ ವಿಧಿಸಿದಳು. ಅಲ್ಲಿ ದಯೆಗೆ ಎಡೆಯಿರಲಿಲ್ಲ.

ಮುಂದಿನ ಹದಿನೇಳು ವರ್ಷಗಳು ನಾಡನ್ನು ಭದ್ರಪಡಿಸುವುದರಲ್ಲಿ ಕಳೆದವು. ಬಿದನೂರಿನ ರಕ್ಷಣೆ ಒಂದು ಕೋಟೆಯ ಗೋಡೆಯನ್ನು ನಂಬಿದ್ದಲ್ಲ. ಸುತ್ತಲಿನ ಹಲವು ಹರದಾರಿಗಳ ಗುಡ್ಡ, ಕಾಡು, ಮುಳ್ಳುಬೇಲಿಗಳೇ ಕೋಟೆ. ದಾರಿ ಕಣಿವೆಗಿಳಿಯುವಲ್ಲೆಲ್ಲ ಬಾಗಿಲು, ಬಾಗಿಲಿಗೆ ಕಾವಲು. ಉಕ್ಕಡವೆಂದರೆ ಇಂತಹ ಕಾವಲುಗಟ್ಟೆಯೇ. ಮಲೆನಾಡಿನ ಮನೆಗಳು ಬಯಲುಸೀಮೆಯಂತೆ ಒತ್ತಾಗಿರುವುದಿಲ್ಲ. ತೋಟಕ್ಕೊಂದು ಮನೆ, ಕಣಿವೆಗೊಂದು ಕೇರಿ. ಪರರಿಗೆ ಇದು ಚದುರಿದ ನಾಡಾಗಿ ಕಂಡರೂ, ಅಪರಿಚಿತನೊಬ್ಬ ಕಾಲಿಟ್ಟರೆ ಮನೆಯಿಂದ ಮನೆಗೆ ಸುದ್ದಿ ಹಾಯುವುದಕ್ಕೆ ಇದೇ ಅನುಕೂಲ. ಇದಕ್ಕೆ ಬೇಕಾದ ಹಣ ಬಂದದ್ದು ಮೆಣಸು, ಅಡಕೆ ಮತ್ತು ಅಕ್ಕಿಯಿಂದ. ಘಟ್ಟದ ಕೆಳಗಣ ಬಂದರುಗಳ ವ್ಯಾಪಾರ ಕೆಡಬಾರದೆಂದು ರಾಣಿ 1678ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು, ಮಂಗಳೂರಿನಲ್ಲಿ ಅವರ ಕೋಠಿಗೂ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಅವರ ಇಗರ್ಜಿಗಳಿಗೂ ಅವಕಾಶವಿತ್ತಳು. ಶಿವಭಕ್ತೆಯಾದ ರಾಣಿಯ ಈ ಔದಾರ್ಯದಲ್ಲಿ ವರ್ತಕರ ಮಗಳ ವ್ಯವಹಾರಜ್ಞಾನವೂ ಬೆರೆತಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರೊಡನೆ ನಡೆದ ಗಡಿ ಕಲಹಗಳ ವಿವರ ಇಲ್ಲಿ ಬೇಡ.

ಅಷ್ಟರಲ್ಲಿ ಉತ್ತರದಿಂದ ಔರಂಗಜೇಬನು ದಖ್ಖಣಕ್ಕಿಳಿದಿದ್ದನು. ಬಿದನೂರನ್ನು ಬೆದರಿಸುತ್ತಿದ್ದ ಬಿಜಾಪುರವೇ 1686ರಲ್ಲಿ ಅವನ ಪಾಲಾಯಿತು, ಮರುವರ್ಷ ಗೋಲ್ಕೊಂಡ. 1689ರಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದನು. ಕಿರಿಯವನಾದ ರಾಜಾರಾಮನು ವೇಷ ಮರೆಸಿಕೊಂಡು, ದೂರದ ಜಿಂಜಿಯ ಕೋಟೆಯನ್ನು ಸೇರುವ ಆಸೆಯಿಂದ ದಕ್ಷಿಣದ ದಾರಿ ಹಿಡಿದನು. ಬಿದನೂರಿನ ಗಡಿಯ ಬಳಿ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ಮೊಗಲರು ಅವನ ಗುಂಪಿನ ಮೇಲೆ ಬಿದ್ದರು. ಜೊತೆಯ ಹಲವರು ಸೆರೆಯಾದರು. ರಾಜಾರಾಮನು ತಪ್ಪಿಸಿಕೊಂಡು ಚೆನ್ನಮ್ಮಾಜಿಯ ಮೊರೆಹೊಕ್ಕನು.

ಆಶ್ರಯ ಕೊಟ್ಟರೆ ಏನಾಗುವುದೆಂಬುದು ಆಸ್ಥಾನದಲ್ಲಿ ಎಲ್ಲರಿಗೂ ತಿಳಿದಿತ್ತು. ಬಿಜಾಪುರ, ಗೋಲ್ಕೊಂಡಗಳಂತಹ ರಾಜ್ಯಗಳನ್ನೇ ನುಂಗಿದವನಿಗೆ ಬಿದನೂರು ಎಷ್ಟರದು? ಮಂತ್ರಿಗಳು ಹಿಂಜರಿದರೆಂದು ಪರಂಪರೆ ಹೇಳುತ್ತದೆ. ಅವರನ್ನು ಹೇಡಿಗಳೆಂದು ಹಳಿಯುವುದು ನ್ಯಾಯವಲ್ಲ. ದಂಡು ಬಂದರೆ ಸುಡುವುದು ರೈತನ ಕಣಜ, ಕಡಿಯುವುದು ರೈತನ ತೋಟ. ಒಮ್ಮೆ ಕಡಿದ ಅಡಕೆ ತೋಟ ಮತ್ತೆ ಫಲ ಕೊಡಲು ಹಲವು ವರ್ಷ ಬೇಕು. ಒಂದು ಕಡೆ ಮೊರೆಹೊಕ್ಕವನನ್ನು ಕಾಯುವ ಧರ್ಮ, ಇನ್ನೊಂದು ಕಡೆ ತನ್ನನ್ನು ನಂಬಿದ ಪ್ರಜೆಗಳ ಕ್ಷೇಮ. ಎರಡನ್ನೂ ತೂಗಿ ನೋಡಿದ ರಾಣಿ, ಬಾಗಿಲಿಗೆ ಬಂದವನನ್ನು ಹಿಂದಿರುಗಿಸಲಿಲ್ಲ. ತನ್ನ ಜನರ ಬೆಂಗಾವಲಿನಲ್ಲಿ ಅವನನ್ನು ತನ್ನ ಸೀಮೆ ದಾಟಿಸಿದಳು. ಆ ವರ್ಷದ ನವೆಂಬರದಲ್ಲಿ ಅವನು ಜಿಂಜಿಯನ್ನು ಸೇರಿದನು.

ಚಕ್ರವರ್ತಿಯ ಕೋಪ ತಡವಾಗಲಿಲ್ಲ. ಜಾನಿಸಾರಖಾನನ ನಾಯಕತ್ವದಲ್ಲಿ ದಂಡು ಬಂದಿತು. ಕೆಳದಿಯ ಪರಂಪರೆ ಔರಂಗಜೇಬನ ಮಗ ಅಜಮ್ ಷಾನ ಹೆಸರನ್ನೂ ಹೇಳುತ್ತದೆ. ಸಾಗರ ಸೀಮೆಯ ಅನಂತಪುರವೇ, ಅಂದರೆ ಇಂದಿನ ಆನಂದಪುರವೇ ಮೊದಲಾದ ಕೋಟೆಗಳು ಅವರ ವಶವಾದವು. ಬಿದನೂರಿಗೆ ಮುತ್ತಿಗೆ ಬಿದ್ದಿತು. ರಾಣಿ ಮತ್ತೊಮ್ಮೆ ಭುವನಗಿರಿಯನ್ನೇರಿದಳು. 1672ರಲ್ಲಿ ಆಪತ್ತಿನ ಉಪಾಯವಾಗಿದ್ದದ್ದು ಈಗ ಅಭ್ಯಾಸವಾಗಿತ್ತು. ಬಯಲಿನಲ್ಲಿ ಗೆಲ್ಲುವ ಕುದುರೆ ಪಡೆಯನ್ನು ಬಯಲಿನಲ್ಲಿ ಎದುರಿಸಬಾರದು. ಕಾಡಿನೊಳಗೆ ಬರಗೊಡಬೇಕು, ಸಾಲು ಉದ್ದವಾದಾಗ ನಡುವೆ ಕಡಿಯಬೇಕು, ದವಸದ ಎತ್ತುಗಳನ್ನು ತಡೆಯಬೇಕು. ಇಂತಹ ಯುದ್ಧದಲ್ಲಿ ದಳವಾಯಿಯ ಆಜ್ಞೆಗಿಂತ ಆಯಾ ಕಣಿವೆಯ ಕಾವಲುಗಾರನ ನೆಲದರಿವು ಹೆಚ್ಚಿನದು. ಇಂಬಳದ ಕಾಟ, ಕೆಸರು, ಜ್ವರಗಳು ಸ್ಥಳದವರಿಗೆ ಹಳೆಯ ನಂಟರು, ಬಂದವರಿಗೆ ಮೃತ್ಯು. ಮರಾಠರ ಸಂತಾಜಿ ಘೋರ್ಪಡೆಯೂ ರಾಣಿಯ ನೆರವಿಗೆ ಬಂದನು.

ಕೊನೆಯ ಫಲವನ್ನು ಕುರಿತು ಎರಡು ಬಗೆಯ ಹೇಳಿಕೆಗಳಿವೆ. ಕೆಳದಿಯ ಕಡೆಯವರು ಇದನ್ನು ಪೂರ್ಣ ವಿಜಯವೆಂದು ಹಾಡಿದ್ದಾರೆ. ಮೊಗಲರ ಚರಿತ್ರೆಗಳ ಪ್ರಕಾರ ರಾಣಿ ಅಲ್ಪಸ್ವಲ್ಪ ದಂಡವನ್ನು ತೆತ್ತು ಸಂಧಿ ಮಾಡಿಕೊಂಡಳು. ಎರಡನೆಯದನ್ನು ಒಪ್ಪಿದರೂ ಆಕೆಯ ಗೌರವಕ್ಕೆ ಕುಂದಿಲ್ಲ. ಬಿಜಾಪುರದ ಸುಲ್ತಾನ ಸೆರೆಯಾಳಾದ ಕಾಲದಲ್ಲಿ ಬಿದನೂರಿನ ರಾಣಿ ಪಟ್ಟದಲ್ಲಿಯೇ ಉಳಿದಳು. ರಾಜಾರಾಮನನ್ನು ಮಾತ್ರ ಒಪ್ಪಿಸಲಿಲ್ಲ. ಅವನು ಸೇರಿದ ಜಿಂಜಿಯನ್ನು ಗೆಲ್ಲಲು ಮೊಗಲರಿಗೆ 1698ರವರೆಗೆ ಸಾಧ್ಯವಾಗಲಿಲ್ಲ. ಆ ಕಾಡಿನ ಕಾವಲಿನಲ್ಲಿ ಮಡಿದ ಸಾಮಾನ್ಯರ ಹೆಸರುಗಳನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ. ಈ ಸೀಮೆಯ ಎಷ್ಟೋ ಹಳ್ಳಿಗಳು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಒಡಲಲ್ಲಿ ಮುಳುಗಿದವು.

ಶಾಂತಿಯ ದಿನಗಳಲ್ಲಿ ರಾಣಿ ಮಠಗಳಿಗೂ ಜಂಗಮ ದಾಸೋಹಕ್ಕೂ ಭೂಮಿಕಾಣಿಗಳನ್ನು ಬಿಟ್ಟಳು. ಪತಿಯ ಹೆಸರಿನಲ್ಲಿ ಸೋಮಶೇಖರಪುರವೆಂಬ ಅಗ್ರಹಾರವನ್ನು ಮಾಡಿ ವಿದ್ವಾಂಸರಿಗಿತ್ತಳು. ಬಿದನೂರಿನ ಮರಿಯಪ್ಪ ಶೆಟ್ಟರ ಮಗನೆಂದು ಹೇಳಲಾಗುವ ಬಸಪ್ಪನನ್ನು ದತ್ತು ಪಡೆದು, ಶಸ್ತ್ರ ಶಾಸ್ತ್ರಗಳೆರಡರಲ್ಲಿಯೂ ಪಳಗಿಸಿದಳು. ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದ ಬಸವಪ್ಪ ನಾಯಕ ಆತನೇ. ಕನ್ನಡದಲ್ಲಿ ಲಿಂಗಣ್ಣ ಕವಿ ಕೆಳದಿನೃಪವಿಜಯವನ್ನು ಬರೆದು ಈ ಮನೆತನದ ಕಥೆಯನ್ನು ಉಳಿಸಿದನು. ಇಪ್ಪತ್ತೈದು ವರ್ಷ ಆಳಿದ ಚೆನ್ನಮ್ಮಾಜಿ 1697ರಲ್ಲಿ ಲಿಂಗೈಕ್ಯಳಾದಳು. ಆಕೆಯ ಸಮಾಧಿ ಬಿದನೂರು ನಗರದ ಕೊಪ್ಪಲು ಮಠದಲ್ಲಿದೆಯೆಂದು ಸ್ಥಳೀಯರು ತೋರಿಸುತ್ತಾರೆ.

ಆಕೆಯ ತರುವಾಯ ಅರುವತ್ತಾರು ವರ್ಷ ಆ ಕಾಡು ಬಿದನೂರನ್ನು ಕಾಯಿತು. 1763ರಲ್ಲಿ ರಾಣಿ ವೀರಮ್ಮಾಜಿಯ ಕಾಲದಲ್ಲಿ ಹೈದರಾಲಿ ದಂಡೆತ್ತಿ ಬಂದಾಗ, ಬಾಗಿಲುಗಳಲ್ಲಿ ಕಾವಲಿದ್ದಂತೆಯೇ, ಹಿಂದೆ ಇದೇ ಸಂಸ್ಥಾನದ ಮಂತ್ರಿಯಾಗಿದ್ದವನೊಬ್ಬ ಅವನಿಗೆ ಕಾಡಿನ ಗುಪ್ತ ದಾರಿಯನ್ನು ತೋರಿಸಿಕೊಟ್ಟನು.