ಸರ್ ಜೆಫ್ರಿ ಟೇಲರ್: ಚಿತ್ರದಿಂದಲೇ ಲೆಕ್ಕ ತೆಗೆದ ವಿಜ್ಞಾನಿ

ಜೆಫ್ರಿ ಇಂಗ್ರಾಮ್ ಟೇಲರ್ ಅವರು 1886ರ ಮಾರ್ಚ್ 7ರಂದು ಲಂಡನ್ನಿನಲ್ಲಿ ಜನಿಸಿದರು. ಇಂದಿನ ಕಂಪ್ಯೂಟರುಗಳ ಲೆಕ್ಕಕ್ಕೆ ಅಡಿಪಾಯವಾದ ಬೀಜಗಣಿತವನ್ನು ಕೊಟ್ಟ ಜಾರ್ಜ್ ಬೂಲ್ ಇವರ ತಾಯಿಯ ತಂದೆ. ಅಜ್ಜಿ ಮೇರಿಯ ದೊಡ್ಡಪ್ಪನೇ ಜಾರ್ಜ್ ಎವರೆಸ್ಟ್. ಹೌದು, ನಮ್ಮ ಭೂಗೋಳದ ಪಾಠದಲ್ಲಿ ಬರುವ ಶಿಖರಕ್ಕೆ ಅವರದೇ ಹೆಸರು.

ಟೇಲರ್ ಕೇಂಬ್ರಿಜ್‌ನಲ್ಲಿ ಓದಿದರು. 1909ರಲ್ಲಿ ಪ್ರಕಟವಾದ ಅವರ ಮೊದಲ ಪ್ರಯೋಗವೇ ಛಾಯಾಚಿತ್ರದ್ದು. ಅತಿ ಮಂದ ಬೆಳಕಿನಲ್ಲಿ ಸೂಜಿಯ ನೆರಳನ್ನು ಹಿಡಿಯಲು ಒಂದು ಫಲಕವನ್ನು ಸುಮಾರು ಮೂರು ತಿಂಗಳು ತೆರೆದಿಟ್ಟಿದ್ದರು! 1912ರಲ್ಲಿ ಟೈಟಾನಿಕ್ ಮುಳುಗಿತು. ಮರುವರ್ಷ ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಹೊರಟ ಸ್ಕೋಷಿಯಾ ಹಡಗಿನಲ್ಲಿ ಇವರು ಹವಾಮಾನ ತಜ್ಞರಾಗಿದ್ದರು. ಅಲ್ಲಿ ಗಾಳಿಪಟಗಳಿಗೆ ಉಪಕರಣ ಕಟ್ಟಿ ಹಾರಿಸಿ, ಗಾಳಿಯ ಸುಳಿಗಳು ಶಾಖವನ್ನು ಹೇಗೆ ಹೊತ್ತೊಯ್ಯುತ್ತವೆಂದು ಅಳೆದರು. ಪ್ರಕ್ಷುಬ್ಧ ಹರಿವಿನ ಅಧ್ಯಯನ ಅಲ್ಲಿಂದ ಅವರನ್ನು ಬಿಡಲಿಲ್ಲ.

ಎರಡನೆಯ ಮಹಾಯುದ್ಧ ಅವರನ್ನು ಅಮೆರಿಕದ ಲಾಸ್ ಅಲಾಮೋಸ್‌ಗೆ ಕರೆದೊಯ್ದಿತು. 1945ರ ಜುಲೈ 16ರ ಮೊದಲ ಅಣುಸ್ಫೋಟವನ್ನು ಅವರು ಕಣ್ಣಾರೆ ಕಂಡರು. ಮೂರು ವಾರಗಳಲ್ಲಿ ಹಿರೋಶಿಮಾ ಸುಟ್ಟುಹೋಯಿತು. ಎಷ್ಟೇ ಮೆಚ್ಚಿದರೂ ಅವರ ಬದುಕಿನ ಈ ಪುಟವನ್ನು ನಾವು ಮಗುಚಿ ಮುಂದೆ ಹೋಗುವಂತಿಲ್ಲ. ಆ ಮೊದಲ ಸ್ಫೋಟದ ಚಿತ್ರಗಳು 1947ರಲ್ಲಿ ಹೊರಬಂದವು. ಸೆಕೆಂಡಿನ ಸಾವಿರದ 25 ಭಾಗದಷ್ಟು ಹೊತ್ತಿಗೆ ಬೆಂಕಿಯುಂಡೆಯ ತ್ರಿಜ್ಯ ಸುಮಾರು 130 ಮೀಟರ್. ಚಿತ್ರಗಳಲ್ಲಿದ್ದ ಕಾಲ, ತ್ರಿಜ್ಯ ಮತ್ತು ಗಾಳಿಯ ಸಾಂದ್ರತೆಯಿಂದಲೇ ಟೇಲರ್ ಸ್ಫೋಟದ ಶಕ್ತಿಯನ್ನು ಸುಮಾರು 17,000 ಟನ್ ಟಿ.ಎನ್.ಟಿ. ಎಂದು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು.

ಅದೇ ವರ್ಷದ ಅವರ ಇನ್ನೊಂದು ಲೇಖನ ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ಭಾರದ ದ್ರವ ಹಗುರ ದ್ರವದ ಮೇಲೆ ನಿಂತರೆ ಗಡಿ ಉಳಿಯದು. ಭಾರದ್ದು ಬೆರಳುಗಳಂತೆ ಇಳಿಯುತ್ತದೆ, ಹಗುರವಾದದ್ದು ಗುಳ್ಳೆಯಾಗಿ ಏರುತ್ತದೆ. ಇದನ್ನು ರ್‍ಯಾಲೆ 1883ರಲ್ಲೇ ಗಣಿತದಿಂದ ತೋರಿಸಿದ್ದರು. ಹಗುರವಾದದ್ದು ಭಾರವಾದದ್ದನ್ನು ವೇಗವಾಗಿ ತಳ್ಳಿದಾಗಲೂ ಹೀಗೇ ಆಗುತ್ತದೆಂದು ಟೇಲರ್ ತೋರಿಸಿದರು. ಲೂಯಿಸ್ ಎಂಬವರು ಗಾಳಿಯ ಒತ್ತಡದಿಂದ ನೀರನ್ನು ತಳ್ಳಿ, ಏರಿಳಿತಗಳು ಬೆಳೆಯುವುದನ್ನು ಚಿತ್ರ ತೆಗೆದು ಪರೀಕ್ಷಿಸಿದರು. ಇದಕ್ಕೆ ರ್‍ಯಾಲೆ-ಟೇಲರ್ ಅಸ್ಥಿರತೆ ಎಂದು ಹೆಸರು.

ಟೇಲರ್ 1975ರ ಜೂನ್ 27ರಂದು ತೀರಿಕೊಂಡರು. ಅವರು ಕಂಡ ತೊಡಕು ಮಾತ್ರ ಉಳಿಯಿತು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳ ಬಲದಿಂದ ಸುಮಾರು 2 ಮಿಲಿಮೀಟರಿನ ಇಂಧನ ಗೋಲಿಯನ್ನು ಒಳಕ್ಕೆ ಕುಗ್ಗಿಸುತ್ತಾರೆ. ಗೋಲಿಯ ಮೇಲೆ ಕೂದಲೆಳೆಗಿಂತ ಸಣ್ಣ ಉಬ್ಬುತಗ್ಗಿದ್ದರೂ ಸಾಕು, ಅದು ಬೆಳೆದು ತಣ್ಣನೆಯ ಹೊರಕವಚವನ್ನು ಬಿಸಿ ಇಂಧನದೊಳಗೆ ಬೆರೆಸಿ ಬೆಂಕಿ ಆರಿಸುತ್ತದೆ. ಬರಿಗಣ್ಣಿಗೆ, ಸಾಮಾನ್ಯ ಕ್ಯಾಮೆರಾಕ್ಕೆ ಇದು ಕಾಣದು. ಸೆಕೆಂಡಿನ ಶತಕೋಟಿಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಕ್ಷ-ಕಿರಣ ಹಾಯಿಸಿ ನೆರಳು ಹಿಡಿಯುತ್ತಾರೆ. ವರ್ಷಗಟ್ಟಲೆ ಇಂಥ ನೆರಳುಗಳನ್ನು ನೋಡಿ ಗೋಲಿಯನ್ನೂ ಲೇಸರನ್ನೂ ತಿದ್ದುತ್ತ ಬಂದರು. 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಶಕ್ತಿಗೆ 3.15 ಮೆಗಾಜೂಲ್ ಹೊರಬಂತು.