ಹುಲಿ ಹೊಡೆದ ಕಾರ್ಬೆಟ್ ಪುರಸಭೆ ಮೆಂಬರೂ ಆಗಿದ್ದ!

ಜಿಮ್ ಕಾರ್ಬೆಟ್ ಅಂದರೆ ನರಭಕ್ಷಕ ಹುಲಿ ಹೊಡೆದ ಸಾಹೇಬ. ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ರುದ್ರಪ್ರಯಾಗದ ಚಿರತೆ ಕಥೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದೇ ಮನುಷ್ಯ ಕೋವಿ ಮೂಲೆಗಿಟ್ಟು, ಚರಂಡಿ, ನೀರು, ಕಂದಾಯ ಅಂತ ಪುರಸಭೆ ಮೀಟಿಂಗಿನಲ್ಲಿ ಕೂರುತ್ತಿದ್ದ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ಊರು ನೈನಿತಾಲ್. ಹಿಮಾಲಯದ ಕುಮಾವ್ ಸೀಮೆಯಲ್ಲಿ, ಸುಮಾರು 6,400 ಅಡಿ ಎತ್ತರದಲ್ಲಿ ಒಂದು ಕೆರೆ. ಸುತ್ತ ಗುಡ್ಡ, ಗುಡ್ಡಕ್ಕೆ ಅಂಟಿಕೊಂಡು ಮನೆಗಳು. ಮೇಲಿನ ತುದಿ ಮಲ್ಲಿತಾಲ್, ಕೆಳಗಿನದು ತಲ್ಲಿತಾಲ್. 1845ರಲ್ಲೇ ಇಲ್ಲಿಗೆ ಪುರಸಭೆ ಬಂತು. ಕಾರ್ಬೆಟ್‌ನ ಅಪ್ಪ ಇಲ್ಲಿ ಪೋಸ್ಟ್ ಮಾಸ್ತರ್. ಜಿಮ್ ಹುಟ್ಟಿದ್ದು 1875ರ ಜುಲೈ 25ರಂದು.

ಹುಡುಗನಿಗೆ ಐದು ವರ್ಷವಾಗಿದ್ದಾಗ ಊರಿನ ಮೇಲೆ ಗುಡ್ಡವೇ ಬಿತ್ತು. 1880ರ ಸೆಪ್ಟೆಂಬರ್ 18, ಶನಿವಾರ. ಬಿಟ್ಟೂಬಿಡದ ಮಳೆ. ಬೆಳಿಗ್ಗೆ ಸ್ವಲ್ಪ ಮಣ್ಣು ಜಾರಿ ಕೆಲವರು ಸಿಕ್ಕಿಕೊಂಡರು. ಅವರನ್ನು ತೆಗೆಯಲು ಜನ ಗುದ್ದಲಿ ಹಿಡಿದು ಓಡಿದರು. ಮಧ್ಯಾಹ್ನ ದೊಡ್ಡ ಕುಸಿತ ಬಂದದ್ದು ಅವರ ತಲೆ ಮೇಲೇ. ವಿಕ್ಟೋರಿಯಾ ಹೋಟೆಲು, ಬೆಲ್ ಸಾಹೇಬನ ಅಂಗಡಿ, ನೈನಾದೇವಿ ಗುಡಿ ಎಲ್ಲಾ ಹೋದವು. ಸತ್ತವರು 151 ಮಂದಿ. ಆಮೇಲೆ ಸರ್ಕಾರಕ್ಕೆ ಎಚ್ಚರವಾಗಿ, ಮಳೆನೀರು ಮಣ್ಣಿಗಿಳಿಯದೆ ಕೆರೆಗೆ ಹೋಗಲಿ ಅಂತ ಗುಡ್ಡದ ಮೈತುಂಬಾ ಚರಂಡಿ ಕಟ್ಟಿಸಿದರು. ನೈನಿತಾಲ್‌ನಲ್ಲಿ ಚರಂಡಿ ಕಟ್ಟಿಕೊಂಡರೆ ಸೊಳ್ಳೆ ಕಾಟ ಮಾತ್ರವಲ್ಲ, ಗುಡ್ಡವೇ ಮನೆಗೆ ಬರುತ್ತೆ.

ಕಾರ್ಬೆಟ್ ಸಂಸಾರ ಎದುರು ಗುಡ್ಡಕ್ಕೆ ಬಂದು ಗರ್ನಿ ಹೌಸ್ ಅನ್ನೋ ಮನೆ ಮಾಡಿತು. 1881ರಲ್ಲಿ ಅಪ್ಪ ತೀರಿಹೋದ. ತಾಯಿ ಮೇರಿ ಜೇನ್ ಬೇಸಿಗೆಗೆ ಬರೋ ಸಾಹೇಬರಿಗೆ ಮನೆ ಬಾಡಿಗೆಗೆ ಹಿಡಿಸಿಕೊಡುವ ವ್ಯವಹಾರ ಮಾಡಿ ಮಕ್ಕಳನ್ನು ಸಾಕಿದಳು.

ಜಿಮ್ ಕಾಲೇಜು ಮೆಟ್ಟಿಲು ಹತ್ತಲಿಲ್ಲ. ರೈಲ್ವೆ ಸೇರಿ, ಬಿಹಾರದ ಮೊಕಾಮಾ ಘಾಟ್‌ನಲ್ಲಿ ಗಂಗಾನದಿ ದಾಟೋ ಸರಕು ಏರಿಸಿ ಇಳಿಸುವ ಕಂತ್ರಾಟು ಹಿಡಿದು ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದ. ಕೂಲಿಯವರ ಜೊತೆ ತಾನೂ ಕಲ್ಲಿದ್ದಲು ಎತ್ತಿದ. ಅವರ ಮಕ್ಕಳಿಗೆ ಅಲ್ಲಿನ ಸ್ಟೇಷನ್ ಮಾಸ್ತರ್ ಜೊತೆ ಸೇರಿ ಶಾಲೆ ತೆರೆದ. ಬೇರೆ ಬೇರೆ ಜಾತಿ ಹುಡುಗರು ಒಂದೇ ಮನೆಯೊಳಗೆ ಕೂರುವಂತಿಲ್ಲ ಅಂತ ತಕರಾರು ಬಂತು. ಗೋಡೆಗಳನ್ನೇ ತೆಗೆಸಿದರು. ಗೋಡೆ ಇಲ್ಲದ್ದು ಮನೆಯಲ್ಲ, ಚಪ್ಪರ! ಚಪ್ಪರದಡಿ ಕೂರಲು ಯಾರ ತಕರಾರೂ ಇರಲಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದ. ಕಬ್ಬಿಣ ಸಾಮಾನು ಮಾರಾಟ, ಮನೆ ಬಾಡಿಗೆ ಏಜೆನ್ಸಿ ನಡೆಸೋ ಮ್ಯಾಥ್ಯೂಸ್ ಕಂಪೆನಿ ಅವನ ಕೈಯಲ್ಲಿತ್ತು. ಪುರಸಭೆ ಬೋರ್ಡಿಗೂ ಮೆಂಬರ್ ಆದ. ಮನೆ ಬಾಡಿಗೆ ವ್ಯಾಪಾರಸ್ಥ ಪುರಸಭೆಯಲ್ಲಿ ಕೂತರೆ ಜನ ಗುಮಾನಿ ಪಡೋದು ಸಹಜ. ಆದರೆ ಈ ಮೆಂಬರ್ ಊರಿಂದ ತಗೊಂಡದ್ದಕ್ಕಿಂತ ಸ್ವಂತ ಜೇಬಿಂದ ಕೊಟ್ಟದ್ದೇ ಕಣ್ಣಿಗೆ ಕಾಣುತ್ತೆ. ಮಲ್ಲಿತಾಲ್ ಕಡೆ ಕೆರೆ ದಂಡೆಯ ಬ್ಯಾಂಡ್‌ಸ್ಟ್ಯಾಂಡ್ ಅವನದೇ ದುಡ್ಡಿಂದ ಎದ್ದದ್ದು.

ಹಾಗಂತ ಆ ಊರು ಎಲ್ಲರದ್ದೂ ಆಗಿರಲಿಲ್ಲ. ಮೇಲಿನ ಮಾಲ್ ರಸ್ತೆ ಬಿಳಿಯರಿಗೆ, ಕೆಳಗಿನದು ನಮ್ಮವರಿಗೆ. ಇಲ್ಲೇ ಹುಟ್ಟಿದವ ಅಂತ ಕಾರ್ಬೆಟ್‌ನನ್ನೂ ವಿಲಾಯತಿ ಸಾಹೇಬರು ಒಂದು ಮೆಟ್ಟಿಲು ಕೆಳಗೇ ಇಟ್ಟಿದ್ದರು. ಆದರೂ ಅಂಥ ಊರಿನ ಬೋರ್ಡಿನಲ್ಲೇ ಅವನೂ ಕೂತಿದ್ದ, ಅದನ್ನು ಮುಚ್ಚಿಡಬೇಕಾಗಿಲ್ಲ.

ಬೆಟ್ಟದ ಕೆಳಗೆ ಛೋಟಿ ಹಲ್ದ್ವಾನಿ ಅನ್ನೋ ಹಳ್ಳಿಯನ್ನು 1915ರಲ್ಲಿ ಕೊಂಡು ರೈತರನ್ನು ಕೂರಿಸಿದ್ದ. ಕಾಡುಪ್ರಾಣಿ ಬೆಳೆಗೆ ನುಗ್ಗದಂತೆ ಊರ ಸುತ್ತ ಕಲ್ಲಿನ ಗೋಡೆ ಹಾಕಿಸಿದ್ದ. 1947ರಲ್ಲಿ ದೇಶ ಬಿಡುವಾಗ ಜಮೀನನ್ನು ಉತ್ತವರಿಗೇ ಬಿಟ್ಟು ಅಕ್ಕ ಮ್ಯಾಗಿ ಜೊತೆ ಕೀನ್ಯಾಕ್ಕೆ ಹೋದ. 1955ರ ಏಪ್ರಿಲ್ 19ರಂದು ಅಲ್ಲಿನ ನ್ಯೇರಿಯಲ್ಲಿ ಸತ್ತ.

2017ರ ಬೇಸಿಗೆಯಲ್ಲಿ ನೈನಿತಾಲ್ ಕೆರೆ ಬತ್ತಿ ದಂಡೆಯ ಕೆಸರು ಮೇಲೆದ್ದಿತ್ತು. ಮರುವರ್ಷ ಆಗಸ್ಟ್ ಮಳೆಯಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ತುಂಡು ಅದೇ ಕೆರೆಗೆ ಕುಸಿದು ಬಿತ್ತು.